ದೊಡ್ಡವ್ವ ಸುಮ್ಮನಿದ್ದ ಏಳು ತಿಂಗಳು

ನಮ್ಮ ಮನೆಯಲ್ಲಿ ಜಗಳವಾಡುವುದು ಒಬ್ಬರ ಕೆಲಸವಾಗಿತ್ತು. ದನಗಳಿಗೆ ಮೇವು ಹಾಕುವುದು ದೊಡ್ಡಪ್ಪನದು, ಹೊಲಕ್ಕೆ ಆಳು ಕರೆಯುವುದು ಅಪ್ಪನದು, ಹಾಲು ಕಾಸಿ ಹೆಪ್ಪು ಹಾಕುವುದು ಅವ್ವನದು, ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುವುದು ಅಮ್ಮನದು. ಹಾಗೆಯೇ ಜಗಳ ದೊಡ್ಡವ್ವನದು. ನಮ್ಮ ಕಡೆ ಅಪ್ಪನ ತಾಯಿಯನ್ನು ಅಮ್ಮ ಎನ್ನುತ್ತೇವೆ, ಹೆತ್ತವಳು ಅವ್ವ. ದೊಡ್ಡಪ್ಪನ ಹೆಂಡತಿ ಗೌರವ್ವ ನಮಗೆ ದೊಡ್ಡವ್ವ; ಯಲಬುರ್ಗಾದ ನಮ್ಮ ಓಣಿಗೆ ಮಾತ್ರ ಅವಳು ‘ಬಾಯಿ ಗೌರವ್ವ’. ಮಣ್ಣಿನ ಮಾಳಿಗೆಯ ಮನೆ ನಮ್ಮದು. ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಾಗಿರುವ ನಡುಮನೆ, ಕೊನೆಗೆ ಹೊಗೆ ಹಿಡಿದ ಅಡುಗೆಮನೆ. ಊಟಕ್ಕೆ ಕೂತಾಗ ಎಲ್ಲರಿಗೂ ಅವರವರ ಜಾಗ ಇತ್ತು. ಕಂಬಕ್ಕೆ ಬೆನ್ನು ಕೊಟ್ಟು ಅಮ್ಮ, ಗೋಡೆಯ ಪಕ್ಕ ಗಂಡಸರು. ದೊಡ್ಡವ್ವ ಕೂರುತ್ತಿದ್ದುದು ಬಾಗಿಲಿಗೆ ಮುಖ ಮಾಡಿ. ರೊಟ್ಟಿ ಮುರಿಯುವಾಗಲೂ ಓಣಿಯ ಮೇಲೆ ಒಂದು ಕಣ್ಣಿರಲಿ ಎಂದು ಅಮ್ಮನೇ ಅವಳನ್ನು ಅಲ್ಲಿ ಕೂರಿಸಿದ್ದಳಂತೆ.

ಗಿರಣಿಯವನು ಹಿಟ್ಟು ಕಡಿಮೆ ಕೊಟ್ಟರೆ ದೊಡ್ಡವ್ವ ಹೋಗಬೇಕು. ಯಾರದೋ ಆಡು ನಮ್ಮ ಹಿತ್ತಲಿನ ಹೀರೆಬಳ್ಳಿ ತಿಂದರೆ ದೊಡ್ಡವ್ವ ಹೋಗಬೇಕು. ಶಾಲೆಯ ಮೂರನೆಯ ಇಯತ್ತೆಯಲ್ಲಿ ಮಾಸ್ತರು ನನ್ನ ಅಂಗೈ ಬಾಸುಂಡೆ ಬರುವ ಹಾಗೆ ಹೊಡೆದಾಗ ಅವಳು ಹಿಟ್ಟಿನ ಕೈಯಲ್ಲೇ ಸಾಲಿಗೆ ಬಂದಿದ್ದಳು. ಮಾಸ್ತರು ಆಮೇಲೆ ನನ್ನ ಹೆಸರನ್ನೇ ಮೆಲ್ಲಗೆ ಕರೆಯತೊಡಗಿದರು. ಅವತ್ತು ನಾನು ಎಷ್ಟು ಬೀಗಿದ್ದೆನೆಂದರೆ, ಮನೆಯವರೆಗೂ ಅವಳ ಸೆರಗು ಬಿಡಲಿಲ್ಲ. ಅಪ್ಪನಿಗೆ ಊರಲ್ಲೆಲ್ಲ ಸಾಧು ಮನುಷ್ಯ ಎಂಬ ಹೆಸರಿತ್ತು. ದೊಡ್ಡವ್ವ ಮಧ್ಯಾಹ್ನ ಯಾರ ಮಾನ ಹರಾಜಿಗಿಟ್ಟು ಬಂದಿರುತ್ತಿದ್ದಳೋ ಅವರ ಮನೆಗೆ ಅಪ್ಪ ಸಂಜೆ ಹೋಗಿ, ಅತ್ತಿಗೆಯ ಪರವಾಗಿ ಸಮಾಧಾನ ಹೇಳಿ, ಚಹಾ ಕುಡಿದು ಬರುತ್ತಿದ್ದ.

“ಏನ ಮಾಡೂದ್ರಿ, ನಮ್ಮ ವೈನೀದು ಬಾಯಿ ಸ್ವಲ್ಪ ಹಂಗ. ಮನಸ್ನ್ಯಾಗ ಏನೂ ಇಲ್ರಿ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ಹೀಗೆ ನಮ್ಮ ಹಿಟ್ಟೂ ಸರಿಯಾಗಿ ಬರುತ್ತಿತ್ತು, ನಮ್ಮ ಹೆಸರೂ ಕೆಡುತ್ತಿರಲಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು ಅನ್ನುತ್ತಾರಲ್ಲ, ಆ ಲೆಕ್ಕ. ಕೋಲಿಗೆ ಏನನ್ನಿಸುತ್ತದೆ ಎಂದು ಕೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅವ್ವನೂ ‘ನನಗ ಬಾಯಿ ಇಲ್ಲವಾ’ ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಬಾಯಿ ಬೇಕಾಗಿರಲಿಲ್ಲ, ಇನ್ನೊಬ್ಬಳದು ಮನೆಯಲ್ಲೇ ಇತ್ತು. ಇದನ್ನೆಲ್ಲ ಈಗ ಅರವತ್ತರ ಹತ್ತಿರ ಬಂದಾಗ ಹೇಳುತ್ತಿದ್ದೇನೆ. ಆಗ ನನಗೆ ಹನ್ನೊಂದು ವರ್ಷ, ದೊಡ್ಡವ್ವ ಹುಟ್ಟಿದ್ದೇ ಹಾಗೆ ಎಂದು ನಂಬಿದ್ದೆ.

ದೊಡ್ಡವ್ವನಿಗೆ ಒಬ್ಬಳೇ ಮಗಳು, ಲೀಲಾ. ನನಗಿಂತ ಎಂಟು ವರ್ಷ ದೊಡ್ಡವಳು. ನನ್ನ ತಲೆ ಬಾಚಿ ಎರಡು ಜಡೆ ಹಾಕುವುದು, ನನ್ನ ಪಾಟಿ ಒರೆಸುವುದು, ಅವ್ವನ ಪೆಟ್ಟಿನಿಂದ ಬಿಡಿಸುವುದು ಎಲ್ಲ ಅವಳೇ. ಆ ಚಳಿಗಾಲದಲ್ಲಿ ಲೀಲಕ್ಕನನ್ನು ನೋಡಲು ಬಂದ ಎರಡು ಕಡೆಯವರು ಉಪ್ಪಿಟ್ಟು ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಹೊಗಳಿ ಹೋದವರು ಮತ್ತೆ ಸುದ್ದಿಯಿಲ್ಲ. ಸಂಬಂಧ ನೋಡಲು ಬಂದವರು ಹೊರಡುವ ಮುಂಚೆ ಓಣಿಯಲ್ಲಿ ನಾಲ್ಕು ಮನೆ ವಿಚಾರಿಸುವುದು ರೂಢಿ. ನಮ್ಮ ಓಣಿಯಲ್ಲಿ ಏನು ಸಿಕ್ಕಿರಬಹುದೆಂದು ಹೇಳಬೇಕಾಗಿಲ್ಲ. ಮೂರನೆಯವರು ಕುಷ್ಟಗಿ ಕಡೆಯವರು. ಅವರಲ್ಲಿ ಹಿರಿಯರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ನೇರವಾಗಿಯೇ ಹೇಳಿದ್ದರು. ಅದನ್ನು ಅಪ್ಪ ಮನೆಗೆ ಬಂದು, ಎಲ್ಲರೂ ಊಟಕ್ಕೆ ಕೂತಿದ್ದಾಗ, ಚಪ್ಪಲಿ ಬಿಡುತ್ತಲೇ ಹೇಳಿದ.

“ಹುಡುಗಿ ಛಲೋ ಅದಾಳ್ರಿ, ಆದ್ರ ತಾಯಿ ಬಾಯಿ ಸುದ್ದಿ ಕೇಳಿ ನಮ್ಮ ಹೆಣ್ಮಕ್ಕಳು ಅಂಜ್ಯಾರ, ಅಂದ್ರು.”

 ಗಿರಣಿಯವನ ಹತ್ತಿರ ಅವಳನ್ನು ಕಳಿಸಿದ್ದು ನಾವೇ ಎಂದು ಒಬ್ಬರೂ ಹೇಳಲಿಲ್ಲ. ದೊಡ್ಡವ್ವ ಅರ್ಧ ಉಂಡ ತಾಟಿನಲ್ಲೇ ಕೈ ತೊಳೆದು ಒಳಗೆ ಹೋದಳು. ಶಿವರಾತ್ರಿ ಕಳೆದ ಸೋಮವಾರ ಊರಾಚೆಯ ಮಠಕ್ಕೆ ಒಬ್ಬಳೇ ಹೋಗಿ ಬಂದಳು. ಅಲ್ಲಿಯ ಅಜ್ಜಾರು, ಅಂದರೆ ಸ್ವಾಮಿಗಳು, ಅವಳಿಗೆ ಒಂದು ಉಪಾಯ ಹೇಳಿದ್ದರು. ಅದನ್ನು ಅವಳು ಲೀಲಕ್ಕನಿಗೂ ನನಗೂ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿದಳು.

“ಸಿಟ್ಟು ಬಂದಾಗ ಒಂದ್ ಚೂರ ಕಲ್ಲುಸಕ್ರಿ ಬಾಯಾಗ ಇಟ್ಕೋ ಅಂದ್ರು. ಅದು ಕರಗೂತನಕ ತುಟಿ ಬಿಚ್ಚಬ್ಯಾಡ ಅಂದ್ರು. ಲೀಲಾನ ಮದುವಿ ನಿಶ್ಚಯ ಆಗೂತನಕ ನಾ ಯಾರಿಗೂ ಒಂದ್ ಮಾತ ಅನ್ನಂಗಿಲ್ಲ ನೋಡ್ರಿ.”

ಅವತ್ತಿನಿಂದ ಅವಳ ಸೆರಗಿನ ತುದಿಯಲ್ಲಿ ಒಂದು ಗಂಟು. ಮೊದಮೊದಲು ದಿನಕ್ಕೆ ಹತ್ತು ಸಲ ಆ ಗಂಟು ಬಿಚ್ಚುತ್ತಿದ್ದಳು. ಗಿರಣಿಯವನು ಎದುರಿಗೇ ಹಿಟ್ಟು ಎತ್ತಿಟ್ಟುಕೊಂಡರೂ ಕೆನ್ನೆ ಉಬ್ಬಿಸಿಕೊಂಡು ಸುಮ್ಮನೆ ಬರುತ್ತಿದ್ದಳು. ಓಣಿಯವರಿಗೆ ಇದು ಅರ್ಥವೇ ಆಗಲಿಲ್ಲ. ‘ಗೌರವ್ವಗ ಮೈಯಾಗ ಹುಷಾರಿಲ್ಲೇನು?’ ಎಂದು ಮನೆಗೇ ಬಂದು ಕೇಳಿದರು. ಅಮ್ಮ ಇದು ಗಾಳಿ ಬಡಿದದ್ದೇ ಎಂದು ತೀರ್ಮಾನಿಸಿ ಅವಳನ್ನು ಹೊಸ್ತಿಲ ಮೇಲೆ ಕೂರಿಸಿ ನಿಂಬೆಹಣ್ಣು, ಮೆಣಸಿನಕಾಯಿ ಇಳಿಸಿ ಒಗೆದಳು. ಇಪ್ಪತ್ತು ವರ್ಷ ಅವಳು ಊರಿಗೆಲ್ಲ ಬೈದಾಗ ಯಾರೂ ಇಳಿ ತೆಗೆದಿರಲಿಲ್ಲ. ಮಕ್ಕಳಾದ ನಮಗಂತೂ ಅದೊಂದು ಆಟವಾಯಿತು. ರೊಟ್ಟಿ ಬಡಿಯುವ ಹೊತ್ತಿಗೆ ಹಿಟ್ಟಿನ ಡಬ್ಬಿ ಬಚ್ಚಿಡುವುದು, ಅವಳು ಸಾರಿಸಿದ ಕಟ್ಟೆಯ ಮೇಲೆ ಕೆಸರುಗಾಲಲ್ಲಿ ಓಡುವುದು, ಬೈಯುತ್ತಾಳೋ ಇಲ್ಲವೋ ನೋಡುವುದು. ಈ ಆಟಕ್ಕೆ ನಾನೇ ಮುಂದಾಳು. ಅವಳು ಬೈಯದೆ ನಮ್ಮನ್ನೇ ನೋಡುತ್ತ ನಿಂತಾಗ ನನಗೆ ನಗು ಬರುವ ಬದಲು ಸಿಟ್ಟು ಬರುತ್ತಿತ್ತು. ನನ್ನ ದೊಡ್ಡವ್ವನನ್ನು ಯಾರೋ ಕದ್ದುಕೊಂಡು ಹೋದರು ಅನ್ನಿಸುತ್ತಿತ್ತು.

ಮನೆಯವರಿಗೂ ಸಂಕಟ ಶುರುವಾಯಿತು. ಗಿರಣಿಗೆ ಅವ್ವನನ್ನು ಕಳಿಸಿದರು, ಅವಳು ಅಳುತ್ತ ಬಂದಳು. ಆಡಿನವನನ್ನು ಕೇಳಲು ಹೋದ ಅಪ್ಪ ಅವನಿಗೇ ಚಹಾ ಕುಡಿಸಿ ಬಂದ. ಬಾಯಿ ಇಲ್ಲದ ಅವ್ವ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಗೊಣಗುವುದನ್ನು ಕಲಿತಳು. ಅಪ್ಪ ಸಾಧುವಲ್ಲ, ಪುಕ್ಕಲ ಎಂದು ನನಗೆ ಮೊದಲ ಸಲ ಗೊತ್ತಾದದ್ದು ಆ ಬೇಸಿಗೆಯಲ್ಲಿ. ಎಲ್ಲಕ್ಕಿಂತ ದೊಡ್ಡ ಕಷ್ಟ ನೀರಿನದು. ಓಣಿಯ ನಳಕ್ಕೆ ಎರಡು ದಿನಕ್ಕೊಮ್ಮೆ ಒಂದು ತಾಸು ನೀರು. ದೊಡ್ಡವ್ವನ ಕಾಲದಲ್ಲಿ ನಮ್ಮ ಕೊಡಗಳು ಸಾಲಿನಲ್ಲಿ ಎಲ್ಲಿಟ್ಟರೂ ಮೊದಲು ತುಂಬುತ್ತಿದ್ದವು. ಈಗ ಬಸವ್ವ ಎಂಬ ನೆರೆಯವಳು ನಮ್ಮ ಕೊಡಗಳನ್ನು ಕಾಲಿನಿಂದ ಹಿಂದೆ ಸರಿಸತೊಡಗಿದಳು. ನೀರು ಸಿಗದ ದಿನ ನಾನು ಊರ ಹೊರಗಿನ ಬೋರಿಂಗಿಗೆ ಹೋಗಿ ಜಗ್ಗಿ ಜಗ್ಗಿ ತರಬೇಕು. ಅಂಗೈಯಲ್ಲಿ ಗುಳ್ಳೆ ಎದ್ದವು. ದೊಡ್ಡವ್ವ ಒಳ್ಳೆಯವಳಾದದ್ದರ ಸುಂಕ ನನ್ನ ಅಂಗೈ ಕಟ್ಟುತ್ತಿದೆ ಅನ್ನಿಸಿತ್ತು.

ಅವಳು ಮಾತ್ರ ಹಿಡಿದದ್ದು ಬಿಡಲಿಲ್ಲ. ಶ್ರಾವಣ ಬಂತು. ನಾಗರಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳು, ಶೇಂಗಾ ಹಿಂಡಿ ಎಲ್ಲ ತಾಟಿನಲ್ಲಿಟ್ಟು ಮನೆಯಿಂದ ಮನೆಗೆ ಕೊಟ್ಟು ತರುತ್ತಾರೆ. ಯಾರ ಮನೆಗೆ ತಾಟು ಹೋಗುವುದಿಲ್ಲವೋ ಅವರ ಜೊತೆ ಮಾತಿಲ್ಲ ಎಂದೇ ಅರ್ಥ. ಎದುರು ಮನೆಯ ನೀಲವ್ವನಿಗೂ ನಮಗೂ ಬಚ್ಚಲ ನೀರಿನ ಜಗಳದಿಂದ ಎಂಟು ವರ್ಷ ರೊಟ್ಟಿ ಇರಲಿಲ್ಲ. ಆ ವರ್ಷ ದೊಡ್ಡವ್ವ ಮೊದಲ ತಾಟನ್ನು ಅವಳಿಗೇ ಹಚ್ಚಿದಳು. ಎಣ್ಣೆಗಾಯಿಯ ಬಟ್ಟಲು ಹಿಡಿದು ನಾನು ಹಿಂದೆ.

“ನೀಲವ್ವಾ, ರೊಟ್ಟಿ ತಂದೀನಿ. ಒಳಗ ಬರ್ಲ್ಯಾ?”

ನೀಲವ್ವ ತಾಟನ್ನೂ ಅವಳನ್ನೂ ನೋಡಿದಳು.

“ಎಂಟು ವರ್ಷದ ಮ್ಯಾಲ ಬಂದೀ, ಬಾಗಲದಾಗ ನಿಂತು ಕೇಳ್ತಿಯಲ್ಲ! ಬಾ ಒಳಗ.”

ಆ ನೀಲವ್ವನ ತಮ್ಮನ ಮಗ ಇರಕಲ್ಲಗಡದಲ್ಲಿದ್ದ. ಕರೆಂಟಿನ ಆಫೀಸಿನಲ್ಲಿ ಕೆಲಸ. ಶ್ರಾವಣ ಮುಗಿಯುವ ಮೊದಲೇ ಅವಳೇ ಮಾತು ತೆಗೆದಳು. ಹಿಂದೆಮುಂದೆ ನೋಡುತ್ತಿದ್ದ ತಮ್ಮನಿಗೆ ‘ಆಕಿ ಬದಲಾಗ್ಯಾಳೋ, ಜವಾಬ್ದಾರಿ ನಂದು’ ಎಂದಳಂತೆ. ಹುಡುಗ ಬಂದ, ನೋಡಿದ, ಒಪ್ಪಿದ. ಲೀಲಕ್ಕ ಅವನನ್ನು ನಡುಮನೆಯ ಕತ್ತಲಲ್ಲಿ ನಿಂತು ಎರಡು ಸಲ ನೋಡಿದಳು. ಆಮೇಲೆ ನನ್ನ ಜಡೆ ಹಾಕುವಾಗ ಹಾಡು ಗುನುಗತೊಡಗಿದಳು, ಕೆಲವು ಸಲ ಮೂರು ಎಳೆಯ ಬದಲು ಎರಡೇ ಎಳೆ ಹೆಣೆದು ನಗುತ್ತಿದ್ದಳು. ಮಹಾನವಮಿ ಮುಗಿದ ಮೇಲೆ ಹಿರಿಯರು ಬಂದು ನಿಶ್ಚಯ ಮಾಡುವುದೆಂದಾಯಿತು. ಇನ್ನು ಒಂದು ತಿಂಗಳು. ದೊಡ್ಡವ್ವ ಈಗ ದಿನಕ್ಕೆ ಒಂದೆರಡು ಸಲ ಮಾತ್ರ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಅವಳ ದನಿಯೇ ಮೆತ್ತಗಾಗಿತ್ತು. ನಾನು ಅದನ್ನು ನೋಡಿಯೂ ನೋಡಲಿಲ್ಲ.

ಆ ದಿನ ಬೆಳಗ್ಗೆ ನಳಕ್ಕೆ ಹೋದವಳು ನಾನು, ಅವ್ವನ ಮದುವೆಯ ಹಿತ್ತಾಳೆ ಕೊಡ ಹಿಡಿದು. ನನ್ನ ಸರದಿ ಬಂದಾಗ ಬಸವ್ವ ಕೊಡವನ್ನು ಕಾಲಿನಿಂದ ಒತ್ತಿದಳು. ಅದು ಕಲ್ಲಿಗೆ ಬಿದ್ದು ಹೊಟ್ಟೆ ತಗ್ಗಿತು. ಅವಳು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ನಾನು ಅಳುತ್ತ ಕೊಡ ತಂದು ಪಡಸಾಲೆಯಲ್ಲಿಟ್ಟೆ. ಎಲ್ಲರೂ ಸುತ್ತ ನೆರೆದರು. ಅವ್ವ ಕೊಡದ ತಗ್ಗನ್ನು ಸವರಿ ಸವರಿ ಅತ್ತಳು, ತವರಿನ ಕೊಡ ಅದು. ದೊಡ್ಡಪ್ಪ ಎದ್ದು ದನಗಳ ಕಡೆ ಹೋದ. ಅಪ್ಪ ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದ.

“ಹೆಂಗಸರ ಜಗಳಕ್ಕ ಗಂಡಸರು ಹೋದ್ರ ಛಲೋ ಕಾಣಂಗಿಲ್ಲ. ವೈನಿ, ನೀವ ಒಂದ್ ಮಾತ ಹೇಳಿ ಬಂದಿದ್ರ ಸಾಕಿತ್ರಿ.”

ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಕೆನ್ನೆ ಉಬ್ಬಿತ್ತು. ಕಲ್ಲುಸಕ್ಕರೆ ಕರಗುವವರೆಗೂ ಕಾದು, ತಿರುಗಿ ನೋಡದೆ ಉತ್ತರ ಕೊಟ್ಟಳು.

“ಕೊಡ ಹ್ವಾದ್ರ ಹೋಗ್ಲಿ ಬಿಡ್ರಿ. ಇನ್ನೊಂದ್ ತಿಂಗಳ ತಡೀರಿ. ಕಂಚಗಾರರ ಕಡೆ ಕೊಟ್ರ ತಗ್ಗು ತಗದು ಕೊಡ್ತಾರ.”

ಅಮ್ಮನಿಗೆ ತಡೆಯಲಾಗಲಿಲ್ಲ. ಕಂಬದ ಹತ್ತಿರದಿಂದಲೇ ಮಾತು ಎಸೆದಳು.

“ಇಷ್ಟ ದಿನ ಊರಿಗೆಲ್ಲ ಹುಲಿ ಆಗಿದ್ದಿ, ಈಗ ಮನಿ ಮರ್ಯಾದಿ ಹೋಗೂ ಮುಂದ ಬೆಕ್ಕಾದೇನ ಗೌರಿ?”

ಆಗಲೂ ಅವಳು ಎದ್ದು ಬರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. ನನಗೆ ಅಂಗೈಯ ಗುಳ್ಳೆ ನೆನಪಾಯಿತು, ನಳದ ಹತ್ತಿರ ನಕ್ಕ ಹುಡುಗಿಯರು ನೆನಪಾದರು. ಹಿಟ್ಟಿನ ಕೈಯಲ್ಲಿ ಸಾಲಿಗೆ ಬಂದಿದ್ದ ಆ ದೊಡ್ಡವ್ವ ನನಗೆ ಮತ್ತೆ ಬೇಕಾಗಿತ್ತು. ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

“ದೊಡ್ಡವ್ವಾ, ಬಸವ್ವ ಲೀಲಕ್ಕಗೂ ಅಂದ್ಲು. ಇರಕಲ್ಲಗಡದವ್ರಿಗೆ ಈಕಿ ಸುದ್ದಿ ಗೊತ್ತಿಲ್ಲ, ನಾ ಹೇಳ್ತೀನಿ ತಡಿ ಅಂದ್ಲು.”

ಸಪ್ಪಳ ನಿಂತಿತು. ದೊಡ್ಡವ್ವ ತಿರುಗಿ ಮೊದಲು ನನ್ನನ್ನು, ಆಮೇಲೆ ನನ್ನ ಹಿಂದೆ ಬಂದು ನಿಂತಿದ್ದ ಒಬ್ಬೊಬ್ಬರನ್ನೂ ನೋಡಿದಳು. ಲೀಲಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಅವಳೊಬ್ಬಳು ಅಲ್ಲಿರಲಿಲ್ಲ. ದೊಡ್ಡವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದಿಟ್ಟು, ಕೈ ಕೂಡ ತೊಳೆಯದೆ ನಮ್ಮ ನಡುವೆಯೇ ಹಾದು ಓಣಿಗಿಳಿದಳು.

“ಬಸವ್ವಾ! ನನ್ನ ಮಗಳ ಹೆಸರು ನಿನ್ನ ಬಾಯಾಗ ಯಾಕ ಬಂತು? ನಿನ್ನ ಹಿಟ್ಟಿಗೆ ಹುಳಾ ಬೀಳ್ಲಿ, ಆ ಹುಳಾನೂ ನಿನ್ನ ಕೈ ರೊಟ್ಟಿ ಒಲ್ಲೆ ಅನ್ಲಿ!”

“ಯವ್ವಾ, ನಾ ಆಕಿ ಹೆಸರ ತಗದಿಲ್ಲ! ದೇವರಾಣಿ ತಗದಿಲ್ಲವಾ!”

ಬಸವ್ವ ಹೇಳಿದ್ದು ಸತ್ಯ. ಯಾರೂ ನಂಬಲಿಲ್ಲ. ಏಳು ತಿಂಗಳು ನುಂಗಿದ್ದೆಲ್ಲ ಒಂದು ತಾಸು ಹೊರಗೆ ಬಂತು. ಓಣಿಯ ಕಟ್ಟೆಗಳೆಲ್ಲ ತುಂಬಿದವು. ನೀಲವ್ವ ತನ್ನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಕದ ಮುಂದೆ ಮಾಡಿಕೊಂಡಳು. ಅವತ್ತು ನಮ್ಮ ಎಲ್ಲ ಕೊಡಗಳೂ ತುಂಬಿದವು. ನಾಚಿಕೆಯಿಂದ ಹೇಳುತ್ತೇನೆ, ಆ ಮಧ್ಯಾಹ್ನದಷ್ಟು ಸಂತೋಷದ ಊಟ ಆ ವರ್ಷ ನಮ್ಮ ಮನೆಯಲ್ಲಿ ಆಗಿರಲಿಲ್ಲ. ಅಪ್ಪ ಬಸವ್ವನ ಮುಖ ಹೇಗಾಗಿತ್ತೆಂದು ನಟಿಸಿ ತೋರಿಸಿದ. ಅವ್ವ ನಕ್ಕಳು. ಅಮ್ಮ ತನ್ನ ಕೈಯಾರೆ ದೊಡ್ಡವ್ವನ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ‘ಈಗ ನಮ್ಮ ಗೌರಿ ಆದಿ ನೋಡು’ ಎಂದಳು. ದೊಡ್ಡವ್ವ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಲೀಲಕ್ಕ ಊಟಕ್ಕೆ ಬರಲಿಲ್ಲ, ಹೊಟ್ಟೆನೋವು ಎಂದಳು.

ಎಂಟು ದಿನಕ್ಕೆ ನೀಲವ್ವ ಬಂದಳು. ಒಳಗೆ ಕೂರಲಿಲ್ಲ.

“ನನ್ನ ತಮ್ಮ ಒಲ್ಲೆ ಅಂದಾನ. ತಪ್ಪ ತಿಳಕೋಬ್ಯಾಡ ಗೌರವ್ವ. ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ಅಂತಾರ, ನಾನ ನಂಬಿರ್ಲಿಲ್ಲ.”

ದೊಡ್ಡವ್ವ ಅವಳನ್ನು ಓಣಿಯ ತನಕ ಕಳಿಸಿ ಬಂದಳು. ಹುಟ್ಟುಗುಣವಂತೆ! ಎಷ್ಟೋ ವರ್ಷಗಳ ನಂತರ ಕನಕಗಿರಿಯಲ್ಲಿ ದೊಡ್ಡವ್ವನ ಅಣ್ಣ ಸಿಕ್ಕಾಗ ಹೇಳಿದ, ತವರಿನಲ್ಲಿ ಅವಳಿಗೆ ‘ಮೂಗಿ’ ಎಂದು ಅಡ್ಡಹೆಸರಿತ್ತಂತೆ. ಮನೆಗೆ ಯಾರಾದರೂ ಬಂದರೆ ಕಣಜದ ಹಿಂದೆ ಹೋಗಿ ನಿಲ್ಲುತ್ತಿದ್ದಳಂತೆ. ಆ ಮೂಗಿಯನ್ನು ನಮ್ಮ ಮನೆ ಯಾವ ದಿನ ಮೊದಲ ಸಲ ಹೊರಗೆ ನೂಕಿ ಬೈಯಲು ಕಳಿಸಿತೋ ಹೇಳುವವರು ಈಗ ಯಾರೂ ಉಳಿದಿಲ್ಲ. ಆಮೇಲೆ ಅವಳು ಮಠಕ್ಕೆ ಹೋಗಲಿಲ್ಲ, ಸುಮ್ಮನಿರುವ ಮಾತನ್ನೂ ಎತ್ತಲಿಲ್ಲ. ಲೀಲಕ್ಕನನ್ನು ಎರಡು ವರ್ಷ ಬಿಟ್ಟು ಕುಷ್ಟಗಿ ಕಡೆಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಹೆಂಡತಿ ತೀರಿಕೊಂಡ ಗಂಡು, ಎರಡು ಮಕ್ಕಳು. ಕೆಟ್ಟವನಲ್ಲ. ಆದರೆ ಲೀಲಕ್ಕ ಗುನುಗುವುದನ್ನು ನಾನು ಮತ್ತೆ ಕೇಳಲಿಲ್ಲ. ತವರಿಗೆ ಬಂದರೂ ಅವಳು ತಾಯಿಯ ಹತ್ತಿರ ಕೂರುತ್ತಿರಲಿಲ್ಲ, ನನ್ನ ಹತ್ತಿರ ಕೂರುತ್ತಿದ್ದಳು.

ನಾನು ಗಂಗಾವತಿಯಲ್ಲಿ ಮೂವತ್ತು ವರ್ಷ ಸಾಲಿ ಕಲಿಸಿದೆ. ‘ಆ ಹುಡುಗ ಕಳ್ಳ, ಈ ಹುಡುಗಿ ದಡ್ಡಿ’ ಎಂದು ಒಂದನೆಯ ಇಯತ್ತೆಯ ಟೀಚರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ ಹಾಜರಿ ಪುಸ್ತಕದ ಜೊತೆಗೇ ದಾಟಿಸುವುದನ್ನು ಕೇಳುವಾಗಲೆಲ್ಲ ದೊಡ್ಡವ್ವ ನೆನಪಾಗುತ್ತಿದ್ದಳು. ನೆನಪಾದರೂ ನಾನೂ ಎಷ್ಟೋ ಸಲ ದಾಟಿಸಿದ್ದೇನೆ.

ಹೋದ ವರ್ಷ ದೊಡ್ಡವ್ವ ಹಾಸಿಗೆ ಹಿಡಿದಾಗ ಬಸ್ಸು ಹಿಡಿದು ಯಲಬುರ್ಗಾಕ್ಕೆ ಹೋದೆ. ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿದ್ದರು, ನಡುಮನೆಗೆ ಟ್ಯೂಬ್‌ಲೈಟ್ ಬಂದಿತ್ತು. ಗಂಜಿ ಕುಡಿಸಿ, ಬಾಯಿ ಒರೆಸಿ, ನಾಲ್ಕೂವರೆ ದಶಕ ಹೊತ್ತದ್ದನ್ನು ಹೇಳಿಬಿಟ್ಟೆ.

“ದೊಡ್ಡವ್ವಾ, ಅವತ್ತ ನಳದ ಕಡೆ ಬಸವ್ವ ಲೀಲಕ್ಕನ ಹೆಸರ ತಗದಿರ್ಲಿಲ್ಲ. ನಾ ಸುಳ್ಳ ಹೇಳಿದ್ನಿ.”

“ಗೊತ್ತೈತಿ.”

“ಯಾವಾಗ ಗೊತ್ತಾತು?”

“ಅವತ್ತ. ನೀ ಹೇಳಾಕತ್ತಾಗನ. ನಿನ್ನ ಸುಳ್ಳ ನನಗ ಗೊತ್ತಾಗಂಗಿಲ್ಲೇನ? ಎತ್ತಿ ಆಡಿಸಿದಾಕಿ ನಾ.”

“ಮತ್ತ ಯಾಕ ಹ್ವಾದಿ?”

ದೊಡ್ಡವ್ವ ದಿಂಬಿನ ಮೇಲೆ ನನ್ನ ಕಡೆ ತಿರುಗಿದಳು.

“ನಿಮ್ಮೆಲ್ಲಾರ ಮಾರಿ ನೋಡಿದ್ನಿ ಸುಮಿ. ಹಸದು ತಾಟಿನ ಮುಂದ ಕುಂತವ್ರಂಗ ನನ್ನ ನೋಡಾಕತ್ತಿದ್ರಿ. ಏಳು ತಿಂಗಳಿಂದ ಯಾರೂ ನನ್ನ ಹಂಗ ಮುಖ ಕೊಟ್ಟು ನೋಡಿರ್ಲಿಲ್ಲ. ಈ ಮನ್ಯಾಗ ನನಗ ಬ್ಯಾರೆ ಜಾಗಾ ಇಲ್ಲ ಅನಿಸ್ತು. ಹ್ವಾದ್ನಿ.”

ನಾನು ಅವಳ ಕೈ ಹಿಡಿದು ಅತ್ತೆ. ಲೀಲಕ್ಕನಿಗೆ ಎಲ್ಲ ಹೇಳುತ್ತೇನೆ ಎಂದೆ. ಅವಳು ಕೈ ಬಿಡಿಸಿಕೊಂಡಳು.

“ಹೇಳಬ್ಯಾಡ. ಆಕಿ ನನ್ನ ಬೈಕೋಂತ ಇರ್ಲಿ, ನನಗ ರೂಢಿ ಐತಿ. ನಿನ್ನ ಮ್ಯಾಲ ಭಾಳ ಜೀವ ಆಕೀದು.”

ತಿಂಗಳೊಳಗೆ ಅವಳು ತೀರಿಕೊಂಡಳು. ದಿನಕರ್ಮದ ಊಟ ಮುಗಿದು ಹೆಂಗಸರೆಲ್ಲ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದೆವು. ಒಬ್ಬೊಬ್ಬರಾಗಿ ಅವಳ ಜಗಳಗಳ ಕತೆ ತೆಗೆದರು. ಗಿರಣಿಯದು, ಆಡಿನದು, ಮಾಸ್ತರದು. ಅವಳು ಸುಮ್ಮನಿದ್ದ ಏಳು ತಿಂಗಳು ಯಾರ ಬಾಯಲ್ಲೂ ಬರಲಿಲ್ಲ. ನಾನು ಹೇಳಬೇಕು ಅಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ನೀಲವ್ವನ ಸೊಸೆ ನನ್ನ ಕಡೆ ತಿರುಗಿದಳು.

“ಟೀಚರ್, ನಳದ ಜಗಳ ನೀವ ಹೇಳ್ಬೇಕ ನೋಡ್ರಿ. ನೀವ ಇದ್ದವ್ರು.”

ಎಲ್ಲರೂ ನನ್ನ ಕಡೆ ನೋಡಿದರು. ಲೀಲಕ್ಕನೂ ನೋಡುತ್ತಿದ್ದಳು. ಹೇಳಬ್ಯಾಡ ಎಂದ ದೊಡ್ಡವ್ವನ ಮಾತು ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರೂ ಕಾಯುತ್ತಿದ್ದರು, ಅಷ್ಟೇ. ನಾನು ಆ ಕತೆಯನ್ನು ಹೇಳಿದೆ. ಕೊಡ ಬಿದ್ದದ್ದು, ಬಸವ್ವ ಲೀಲಕ್ಕನ ಹೆಸರು ತೆಗೆದದ್ದು, ಹಿಟ್ಟಿನ ಹುಳ ರೊಟ್ಟಿ ಒಲ್ಲೆ ಅಂದದ್ದು, ಎಲ್ಲ ದೊಡ್ಡವ್ವನ ದನಿಯಲ್ಲೇ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಲೀಲಕ್ಕ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನನಗೊಬ್ಬಳಿಗೇ ಕೇಳಿಸುವ ಹಾಗೆ ಹೇಳಿದಳು.

“ಇನ್ನೊಂದ್ ತಿಂಗಳ ಬಾಯಿ ಮುಚಗೊಂಡಿದ್ರ ಸಾಕಿತ್ತಲ್ಲ ಸುಮಿ ನಮ್ಮವ್ವ.”

ನಾನು ಹೌದೆಂದು ತಲೆಯಾಡಿಸಿದೆ.